ಸ್ಕೀಟ್: ಗಡಿಯಾರದಲ್ಲಿ ಹುಟ್ಟಿ ಅರ್ಧಕ್ಕೆ ಇಳಿದ ಆಟ

ಟ್ರ್ಯಾಪ್‌ಗೂ ಸ್ಕೀಟ್‌ಗೂ ವ್ಯತ್ಯಾಸ ಏನೆಂದು ಶೂಟಿಂಗ್ ಕ್ರೀಡೆಗೆ ಹೊಸಬರು ತಡಕಾಡುತ್ತಾರೆ. ಎರಡರಲ್ಲೂ ಶಾಟ್‌ಗನ್, ಎರಡರಲ್ಲೂ ಗುರಿ ಯಂತ್ರ ಎಸೆದ ಹಾರುವ ತಟ್ಟೆ. ಟ್ರ್ಯಾಪ್‌ನಲ್ಲಿ ತಟ್ಟೆ ನಮ್ಮಿಂದ ದೂರ ಓಡುತ್ತದೆ. ಸ್ಕೀಟ್‌ನಲ್ಲಿ ಎದುರುಬದುರಿನ ಎರಡು ಮನೆಗಳಿಂದ (ಎಸೆಯುವ ಯಂತ್ರವಿರುವ ಪುಟ್ಟ ಕೋಣೆಗಳು) ಹೊರಟು ಅಡ್ಡ ಹಾಯುತ್ತದೆ, ನಿಂತ ಜಾಗಕ್ಕೆ ತಕ್ಕಂತೆ ಕೋನ ಬದಲಾಗುತ್ತದೆ.

ಈ ಕೋನಗಳ ಮೂಲ ಬೇಟೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಆಂಡೋವರ್‌ನಲ್ಲಿ ಚಾರ್ಲ್ಸ್ ಡೇವಿಸ್ ಎಂಬ ಗ್ರೌಸ್ ಹಕ್ಕಿಯ ಬೇಟೆಗಾರ ಅಭ್ಯಾಸಕ್ಕೆಂದು 25 ಗಜ ತ್ರಿಜ್ಯದ ವೃತ್ತ ಎಳೆದು, ಗಡಿಯಾರದಂತೆ 12 ಜಾಗ ಗುರುತಿಸಿದ. ತಟ್ಟೆ ಎಸೆಯುವ ಯಂತ್ರ 12 ಗಂಟೆಯ ಜಾಗದಲ್ಲಿ, ಎಸೆತ 6ರ ಕಡೆಗೆ. ಪ್ರತಿ ಜಾಗದಲ್ಲಿ ಎರಡು ಹೊಡೆತ, ಒಟ್ಟು 24. ಡಬ್ಬಿಯಲ್ಲಿ ಕಾಡತೂಸು 25 ಇರುತ್ತವಲ್ಲ, ಉಳಿದ ಒಂದನ್ನು ವೃತ್ತದ ನಡುವೆ ನಿಂತು ಹೊಡೆಯುತ್ತಿದ್ದರು.

ಪಕ್ಕದ ಜಮೀನಿನಲ್ಲಿ ಕೋಳಿ ಫಾರಂ ಶುರುವಾದ ಮೇಲೆ ಸುತ್ತಲೂ ಗುಂಡು ಹಾರಿಸುವಂತಿರಲಿಲ್ಲ. 1923ರಲ್ಲಿ ಅಲ್ಲಿನ ಆಟಗಾರರಲ್ಲೊಬ್ಬನಾದ ವಿಲಿಯಂ ಹಾರ್ನ್‌ಡೆನ್ ಫಾಸ್ಟರ್ 6ರ ಜಾಗದಲ್ಲಿ ಇನ್ನೊಂದು ಯಂತ್ರ ಇಟ್ಟ. ಅರ್ಧ ವೃತ್ತದಲ್ಲೇ ಎಲ್ಲ ಕೋನಗಳೂ ಸಿಕ್ಕವು, ಗುಂಡು ಒಂದೇ ದಿಕ್ಕಿಗೆ ಹೋಗತೊಡಗಿತು. ಆಟದ ಇಂದಿನ ರೂಪಕ್ಕೆ ಆ ಕೋಳಿಗಳಿಗೂ ಒಂದು ಪಾಲು ಸಲ್ಲಬೇಕು! 1926ರಲ್ಲಿ ಹೆಸರಿಗಾಗಿ 100 ಡಾಲರ್ ಬಹುಮಾನದ ಸ್ಪರ್ಧೆ ನಡೆದು, ಮೊಂಟಾನಾದ ಗರ್ಟ್ರೂಡ್ ಹರ್ಲ್‌ಬಟ್ ಸೂಚಿಸಿದ 'ಸ್ಕೀಟ್' ಗೆದ್ದಿತು. 'ಗುಂಡು ಹೊಡೆ' ಎಂಬರ್ಥದ ಹಳೆಯ ಸ್ಕ್ಯಾಂಡಿನೇವಿಯನ್ ಪದ ಎಂಬುದು ಆಗ ಕೊಟ್ಟ ವಿವರಣೆ.

ಈಗಿನ ಅಮೆರಿಕನ್ ಅಂಕಣದಲ್ಲಿ ಎಂಟು ಜಾಗ. ಎಡಕ್ಕೆ ಎತ್ತರದ ಮನೆ (ತಟ್ಟೆ ಹೊರಡುವುದು 10 ಅಡಿಯಿಂದ), ಬಲಕ್ಕೆ ತಗ್ಗಿನ ಮನೆ (ಮೂರೂವರೆ ಅಡಿ). ಎಂಟೂ ಜಾಗದಲ್ಲಿ ಒಂಟಿ ತಟ್ಟೆಗಳು 16. 1, 2, 6, 7ರಲ್ಲಿ ಎರಡೂ ಮನೆಗಳಿಂದ ಒಟ್ಟಿಗೆ ಹೊರಡುವ ಜೋಡಿ, ಅಂದರೆ 8. ಇಪ್ಪತ್ತೈದನೆಯದು ಮೊದಲು ತಪ್ಪಿದ ತಟ್ಟೆಗೆ ಮರುಹೊಡೆತ.

ಸೋಲುವ ಜಾಗ ನಾಲ್ಕನೆಯದು. ಅಲ್ಲಿ ತಟ್ಟೆ ಪೂರ್ತಿ ಅಡ್ಡ, ಸುಮಾರು 19 ಮೀಟರ್ ದೂರದಲ್ಲಿ ಹಾಯುತ್ತದೆ. ಚರೆ (ಕಾಡತೂಸಿನೊಳಗಿನ ಸಣ್ಣ ಗುಂಡುಗಳು) ಅಷ್ಟು ದೂರ ಹೋಗಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಹೊತ್ತು ಬೇಕು. ಸೆಕೆಂಡಿಗೆ 20 ಮೀಟರ್ ಓಡುವ ತಟ್ಟೆ ಅಷ್ಟರಲ್ಲಿ ಒಂದು ಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ ಗುರಿ ತಟ್ಟೆಗಿಂತ ಮೂರು-ನಾಲ್ಕು ಅಡಿ ಮುಂದಿರಬೇಕು. ಲೆಕ್ಕ ಗೊತ್ತಿದ್ದೂ ತಪ್ಪುವುದು ಯಾಕೆ? ಟ್ರಿಗರ್ ಎಳೆಯುವ ಕ್ಷಣ ನಳಿಗೆಯ ತಿರುವು ನಿಂತುಬಿಡುತ್ತದೆ, ಚರೆ ತಟ್ಟೆಯ ಹಿಂದೆ ಹಾಯುತ್ತದೆ. ಇನ್ನೊಂದು ತಪ್ಪು, ಪುಡಿಯಾಯಿತೇ ಎಂದು ನೋಡಲು ಕೆನ್ನೆಯನ್ನು ಬಂದೂಕಿನಿಂದ ಎತ್ತುವುದು. ಆಗ ಚರೆ ಮೇಲೆ ಹೋಗುತ್ತದೆ.

ಒಲಿಂಪಿಕ್ಸ್‌ಗೆ ಸ್ಕೀಟ್ ಬಂದದ್ದು 1968ರಲ್ಲಿ. ಆ ಪದ್ಧತಿ ಇನ್ನೂ ಬಿಗಿ: ತಟ್ಟೆಯ ವೇಗ ಹೆಚ್ಚು, ಮರುಹೊಡೆತ ಇಲ್ಲ. ತಟ್ಟೆ ಬಿಡಿ ಎಂದು ಆಟಗಾರ ಕರೆ ಕೊಟ್ಟ ಮೇಲೆ ತಟ್ಟೆ ತಕ್ಷಣ ಬರಬಹುದು, ಮೂರು ಸೆಕೆಂಡು ತಡವಾಗಿಯೂ ಬರಬಹುದು. ಅದು ಕಾಣುವವರೆಗೂ ಬಂದೂಕಿನ ಬುಡ ಜಾಕೆಟ್‌ನ ಗುರುತುಪಟ್ಟಿಯ (ಮೊಣಕೈ ಮಟ್ಟದ್ದು) ಹತ್ತಿರವೇ ಇರಬೇಕು. ಪೊದೆಯಿಂದ ಹಕ್ಕಿ ಯಾವಾಗ ಏಳುತ್ತದೋ ಡೇವಿಸ್‌ಗೂ ಗೊತ್ತಿರಲಿಲ್ಲ.