ಹತ್ತುವಾಗ ಮೆಟ್ಟಿಲು, ಇಳಿಯುವಾಗ ಲಿಫ್ಟ್

ಮಂಗಳೂರಿನ ಕದ್ರಿ, ಬಿಜೈ ಕಡೆಯ ಅಪಾರ್ಟ್‌ಮೆಂಟ್‌ಗಳಲ್ಲಿ ವ್ಯಾಯಾಮ ಆಗಲಿ ಅಂತ ಮೆಟ್ಟಿಲು ಬಳಸುವವರು ಬೇಕಾದಷ್ಟಿದ್ದಾರೆ. ಆದರೆ ಬಹಳ ಮಂದಿ ಬೆಳಿಗ್ಗೆ ಮೆಟ್ಟಿಲಲ್ಲಿ ಇಳಿಯುತ್ತಾರೆ, ಸಂಜೆ ಲಿಫ್ಟಲ್ಲಿ ಹತ್ತುತ್ತಾರೆ. ಶುರು ಮಾಡುವವರಿಗೆ ಇದು ತಲೆಕೆಳಗಾದ ಲೆಕ್ಕ.

ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಮೈಯನ್ನು ಮೇಲಕ್ಕೆತ್ತುತ್ತದೆ. ಏದುಸಿರು ಬರುತ್ತದೆ, ಹೃದಯಕ್ಕೆ ಕೆಲಸ ಸಿಗುತ್ತದೆ. ಇಳಿಯುವಾಗ ಅದೇ ಸ್ನಾಯು ಉದ್ದವಾಗುತ್ತಲೇ ಬ್ರೇಕ್ ಹಿಡಿಯಬೇಕು. ಉಸಿರು ಏರದ ಕಾರಣ ಸುಲಭ ಅನ್ನಿಸುತ್ತದೆ, ಆದರೆ ಮಂಡಿಚಿಪ್ಪಿನ ಹಿಂದೆ ಬೀಳುವ ಒತ್ತಡ ಮೈತೂಕದ ಮೂರು ಪಟ್ಟು ದಾಟುತ್ತದೆ. ಬೆಳ್ತಂಗಡಿಯ ಗಡಾಯಿಕಲ್ಲು ಬೆಟ್ಟಕ್ಕೆ ಹೋಗಿ ಬಂದವರನ್ನು ಕೇಳಿ: ಎರಡು ದಿನ ಬಿಟ್ಟು ತೊಡೆ ಹಿಡಿದುಕೊಳ್ಳುವುದು ಹತ್ತಿದ್ದಕ್ಕಲ್ಲ, ಇಳಿದದ್ದಕ್ಕೆ. ಹಾಗಂತ ಇಳಿಯುವುದು ಕೆಟ್ಟದ್ದಲ್ಲ. ಬ್ರೇಕ್ ಹಿಡಿಯುವ ಈ ಕೆಲಸವೇ ತೊಡೆಗೆ ಬಲ ಕೊಡುತ್ತದೆ, ಅಭ್ಯಾಸವಾದ ಮೇಲೆ.

ಮಹಡಿಯೊಂದಕ್ಕೆ ಹತ್ತು ಅಡಿ, ಮೆಟ್ಟಿಲಿಗೆ ಆರೂವರೆ ಇಂಚು ಹಿಡಿದರೆ ಸುಮಾರು 18 ಮೆಟ್ಟಿಲು. ನಾಲ್ಕು ಮಹಡಿಗೆ 72. ಎಪ್ಪತ್ತು ಕಿಲೋ ತೂಕದವರು ಇಷ್ಟು ಹತ್ತಿದರೆ ಖರ್ಚಾಗುವುದು ಎಂಟು-ಹತ್ತು ಕ್ಯಾಲೊರಿ. ಸಂಜೆಯ ಒಂದು ಗೋಳಿಬಜೆಗೂ ಸಾಲದು ಮಾರಾಯ್ರೆ! ಹೊಟ್ಟೆ ಕರಗಿಸಲು ಮೆಟ್ಟಿಲು ಹತ್ತುವವರು ತಿಂಗಳೊಳಗೆ ಬಿಟ್ಟುಬಿಡುವುದು ಇದಕ್ಕೇ. ಇದರಿಂದ ಸಿಗುವುದು ಕಾಲಿನ ಬಲ, ಉಸಿರಿನ ತಾಳಿಕೆ.

ಮೊದಲ ವಾರ ದಿನಕ್ಕೊಮ್ಮೆ ಎರಡು ಮಹಡಿ ಹತ್ತಿ, ಉಳಿದದ್ದಕ್ಕೆ ಲಿಫ್ಟ್. ವಾರಕ್ಕೊಂದು ಮಹಡಿ ಸೇರಿಸಿ. ನಾಲ್ಕು ಮಹಡಿ ಹತ್ತಿ ನಿಂತಾಗ ಒಂದು ಪೂರ್ತಿ ವಾಕ್ಯ ತಡೆಯದೆ ಮಾತಾಡಲು ಬಂದರೆ, ಆಗ ಒಂದು ಮಹಡಿ ಇಳಿಯಲು ಶುರು ಮಾಡಿ. ಏಪ್ರಿಲ್-ಮೇ ಸೆಕೆಗೆ ಬೆವರು ಆರುವುದಿಲ್ಲ, ಮೈ ತಂಪಾಗುವುದಿಲ್ಲ. ಆ ಎರಡು ತಿಂಗಳು ಒಂದು ಮಹಡಿ ಕಡಿಮೆ ಮಾಡಿದರೆ ನಷ್ಟವೇನಿಲ್ಲ.

ಪಾದ ಇಡುವ ರೀತಿ ಮುಖ್ಯ. ಬರೀ ಬೆರಳ ತುದಿಯಲ್ಲಿ ಹತ್ತಿದರೆ ಮೀನಖಂಡ ಬೇಗ ಸೋಲುತ್ತದೆ, ಮಂಡಿ ಮುಂದಕ್ಕೆ ಚಾಚುತ್ತದೆ. ಹಿಮ್ಮಡಿ ಸಮೇತ ಪಾದ ಊರಿ, ಸೊಂಟದಿಂದ ತುಸು ಮುಂದೆ ಬಾಗಿ, ಹಿಮ್ಮಡಿಯಿಂದ ಒತ್ತಿ ಏಳಿ. ಮಂಡಿ ಕಾಲಿನ ಎರಡನೇ ಬೆರಳಿನ ನೇರಕ್ಕಿರಲಿ. ಅದು ಒಳಕ್ಕೆ ವಾಲುತ್ತಿದ್ದರೆ ಸೊಂಟದ ಬದಿಯ ಸ್ನಾಯು ಸೋತಿದೆ ಅಂತ. ಅಲ್ಲಿಗೆ ಆ ದಿನದ್ದು ಸಾಕು. ರೈಲಿಂಗ್ ಮುಟ್ಟಿಕೊಂಡಿರಿ, ಹಿಡಿದು ಎಳೆಯಬೇಡಿ. ಎಳೆದರೆ ಕಾಲಿನ ಕೆಲಸ ಕೈ ಮಾಡುತ್ತದೆ.

ಒಂದು ಮಂಡಿಯಲ್ಲಿ ನೋವಿದ್ದವರು ಹತ್ತುವಾಗ ಒಳ್ಳೆಯ ಕಾಲು ಮೊದಲು ಇಡಬೇಕು, ಇಳಿಯುವಾಗ ನೋವಿನ ಕಾಲು. ಹೀಗೆ ಮಾಡಿದರೆ ಎತ್ತುವ ಕೆಲಸವೂ ಬ್ರೇಕ್ ಹಿಡಿಯುವ ಕೆಲಸವೂ ಒಳ್ಳೆಯ ಕಾಲಿಗೇ ಬೀಳುತ್ತದೆ. ಮಂಡಿ ಊದಿಕೊಂಡಿದ್ದರೆ ಮಾತ್ರ ಮೆಟ್ಟಿಲೇ ಬೇಡ.

ಓಡದೆ, ನಡುವೆ ನಿಲ್ಲದೆ 60 ಮೆಟ್ಟಿಲು ಹತ್ತಲು ಒಂದೂವರೆ ನಿಮಿಷ ಮೀರಿದರೆ ಒಮ್ಮೆ ವೈದ್ಯರಿಗೆ ತೋರಿಸಿ. ಎದೆ ಬಿಗಿತ, ದವಡೆಗೋ ತೋಳಿಗೋ ಹರಿಯುವ ನೋವು, ತಣ್ಣನೆಯ ಬೆವರು ಕಂಡರೆ ಅಲ್ಲೇ ಕುಳಿತು ಯಾರನ್ನಾದರೂ ಕರೆಯಿರಿ. ಗ್ಯಾಸ್ಟ್ರಿಕ್ ಅಂದುಕೊಂಡು ಮನೆವರೆಗೆ ಹತ್ತುವುದು ಅಪಾಯ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಮೆಟ್ಟಿಲಿನ ಅಂಚು ಗೊತ್ತಾಗುವುದಿಲ್ಲ. ಅವರು ನೆಲ ನೋಡಿಕೊಂಡೇ ಇಳಿಯಬೇಕು.

ಎಲ್ಲ ಮೆಟ್ಟಿಲೂ ವ್ಯಾಯಾಮಕ್ಕಲ್ಲ. ಹಳೆ ಹಂಚಿನ ಮನೆಯ ಉಪ್ಪರಿಗೆಗೆ ಹೋಗುವ ಮರದ ಮೆಟ್ಟಿಲು ತೀರಾ ಕಡಿದು, ಪಾದ ಪೂರ್ತಿ ಕೂರುವುದಿಲ್ಲ. ಹೊಸ ಕಟ್ಟಡದಲ್ಲೂ ಆಮೇಲೆ ಟೈಲ್ಸ್ ಹಾಕಿದಲ್ಲಿ ಕೊನೆಯ ಮೆಟ್ಟಿಲಿನ ಎತ್ತರ ಬದಲಾಗಿರುತ್ತದೆ. ಕಾಲು ಹಿಂದಿನ ಅಳತೆಯಲ್ಲೇ ಏಳುತ್ತದೆ, ಎಡವುವುದು ಅಲ್ಲೇ. ಲುಂಗಿ ಎತ್ತಿ ಕಟ್ಟಿ. ನೈಟಿಯ ಅಂಚು ಹತ್ತುವಾಗ ಕಾಲಡಿಗೆ ಸಿಕ್ಕುತ್ತದೆ, ಒಂದು ಕೈಯಲ್ಲಿ ಹಿಡಿದುಕೊಳ್ಳಿ. ಹಿಮ್ಮಡಿ ಸವೆದ ಹವಾಯಿ ಚಪ್ಪಲಿಗಿಂತ ಒಣನೆಲದಲ್ಲಿ ಬರಿಗಾಲೇ ವಾಸಿ.

ಜೂನ್ ಬಂತೆಂದರೆ ಬದಿ ತೆರೆದ ಮೆಟ್ಟಿಲಿಗೆ ಇರಿಚಲು ಹೊಡೆಯುತ್ತದೆ. ಪಾಲಿಶ್ ಗ್ರಾನೈಟ್ ಒದ್ದೆಯಾದರೆ ಆ ದಿನ ಬಿಡಿ. ಅಂಗಳದ ಕೆಂಪುಕಲ್ಲಿನ ಮೆಟ್ಟಿಲಿಗೆ ಪಾಚಿ ಹಿಡಿದಿದ್ದರೆ ಬ್ಲೀಚಿಂಗ್ ಪೌಡರ್ ಹಾಕಿ, ಕಾಲು ಗಂಟೆ ಬಿಟ್ಟು ಗಟ್ಟಿ ಬ್ರಷ್‌ನಲ್ಲಿ ಉಜ್ಜಿ. ಆಟಿ (ಜುಲೈ-ಆಗಸ್ಟಿನ ತುಳು ತಿಂಗಳು) ಮುಗಿಯುವವರೆಗೂ ಹದಿನೈದು ದಿನಕ್ಕೊಮ್ಮೆ ಈ ಕೆಲಸ ತಪ್ಪಿದ್ದಲ್ಲ.