ಅಂಗಡಿಯವನೇ ಅಚ್ಚು ಹಾಕಿಸಿದ ಕಾಸು

ಕಾಸು ಅಚ್ಚು ಹಾಕುವುದು ರಾಜನ ಕೆಲಸ. ಆದರೆ 17ನೇ ಶತಮಾನದ ಇಂಗ್ಲೆಂಡಿನಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಈ ಕೆಲಸವನ್ನು ದಿನಸಿ ಅಂಗಡಿಯವರು, ಬೇಕರಿಯವರು, ಬಟ್ಟೆ ವ್ಯಾಪಾರಿಗಳು, ಹೆಂಡದಂಗಡಿಯವರು ಮಾಡಿದರು. ಅವರು ಬಿಟ್ಟ ಪುಟ್ಟ ತಾಮ್ರ, ಹಿತ್ತಾಳೆ ಬಿಲ್ಲೆಗಳಿಗೆ ಟೋಕನ್ ಎಂದು ಹೆಸರು. ಇವುಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬಗೆ ಸಿಕ್ಕಿವೆ. ನಾಣ್ಯ ಸಂಗ್ರಾಹಕರಲ್ಲಿ ಇವುಗಳ ಹಿಂದೆ ಬಿದ್ದವರದೇ ಒಂದು ಬೇರೆ ಗುಂಪು.

ತೊಂದರೆ ಶುರುವಾಗಿದ್ದು ಚಿಲ್ಲರೆಯಿಂದ. ಇಂಗ್ಲೆಂಡಿನ ಅರಸರಿಗೆ ನಾಣ್ಯ ಅಂದರೆ ಬೆಳ್ಳಿ, ಬಂಗಾರ. ತಾಮ್ರ ಮುಟ್ಟುವುದು ಮರ್ಯಾದೆಗೆ ಕಡಿಮೆ. ಆಗಿನ ಬೆಳ್ಳಿ ಪೆನ್ನಿಯ ತೂಕವೇ ಅರ್ಧ ಗ್ರಾಂ. ಪೆನ್ನಿಯ ಕಾಲುಭಾಗ ಫಾರ್ದಿಂಗ್. ಅದನ್ನು ಬೆಳ್ಳಿಯಲ್ಲಿ ಮಾಡಿದರೆ ಒಂದು ಗ್ರಾಂನ ಎಂಟನೇ ಒಂದು ಪಾಲು! ಕೈಯಿಂದ ಜಾರಿದರೆ ಹುಡುಕಲೂ ಆಗದು. ಆದರೆ ಬಡವರು ದಿನವೂ ಕೊಳ್ಳುತ್ತಿದ್ದ ರೊಟ್ಟಿ, ಬಿಯರ್, ಮೇಣದಬತ್ತಿಗೆಲ್ಲ ಬೇಕಾಗಿದ್ದು ಇಂಥ ಸಣ್ಣ ಕಾಸೇ.

1613ರಲ್ಲಿ ಒಂದನೇ ಜೇಮ್ಸ್ ಒಂದು ದಾರಿ ಹುಡುಕಿದ. ತಾಮ್ರದ ಫಾರ್ದಿಂಗ್ ಮಾಡುವ ಹಕ್ಕನ್ನು ಲಾರ್ಡ್ ಹ್ಯಾರಿಂಗ್ಟನ್ ಎಂಬ ಶ್ರೀಮಂತನಿಗೆ ಕೊಟ್ಟ. ಹ್ಯಾರಿಂಗ್ಟನ್ ಅದೇ ವರ್ಷ ತೀರಿಕೊಂಡ. ಹಕ್ಕು ಮಾತ್ರ ಕೈಯಿಂದ ಕೈಗೆ ಹೋಗುತ್ತಲೇ ಇತ್ತು. ಸುಮಾರು ಆರು ಗ್ರೇನ್ (ಅರ್ಧ ಗ್ರಾಂಗೂ ಕಡಿಮೆ) ತೂಗುವ, ತಗಡಿನಂಥ ಬಿಲ್ಲೆ. ಲೋಹದ ಬೆಲೆ ಏನೂ ಇಲ್ಲ, ಲಾಭವೆಲ್ಲ ಹಕ್ಕುದಾರನಿಗೆ. ಖೋಟಾ ಮಾಡುವುದು ಬಲು ಸುಲಭ. ಜನ ಇದನ್ನು ಬೈದುಕೊಂಡೇ ಬಳಸಿದರು. ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದ ನಡುವೆ, 1644ರಲ್ಲಿ, ಪಾರ್ಲಿಮೆಂಟ್ ಇದನ್ನು ನಿಲ್ಲಿಸಿತು. ಬದಲಿಗೆ ಬೇರೇನನ್ನೂ ಕೊಡಲಿಲ್ಲ.

1649ರ ಜನವರಿ 30ರಂದು ಒಂದನೇ ಚಾರ್ಲ್ಸ್‌ನ ತಲೆ ಹಾರಿಸಿದರು. ಅರಸನೇ ಇಲ್ಲದ ಮೇಲೆ ಅವನ ಹಕ್ಕನ್ನು ಮುರಿದೆ ಎಂದು ಕೇಳುವವರು ಯಾರು? ಅಂಗಡಿಯವರು ಟೋಕನ್ ಬಿಡಲು ಶುರು ಮಾಡಿದರು. 1648 ಎಂದು ಇಸವಿ ಇರುವ ಟೋಕನ್‌ಗಳೂ ಇವೆಯಲ್ಲ ಅನ್ನಬಹುದು. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಬರುತ್ತಿದ್ದುದು ಮಾರ್ಚ್ 25ಕ್ಕೆ. ಹಾಗಾಗಿ ರಾಜನನ್ನು ಕೊಂದ ದಿನವೂ ಅವರ ಲೆಕ್ಕದಲ್ಲಿ 1648ರದ್ದೇ.

ಒಂದು ಫಾರ್ದಿಂಗ್ ಟೋಕನ್ ಅಂದರೆ ಸುಮಾರು 15-16 ಮಿಲಿಮೀಟರ್ ಅಗಲ, ತೂಕ ಒಂದು ಗ್ರಾಂನ ಆಸುಪಾಸು. ಒಂದು ಬದಿಯಲ್ಲಿ ಸುತ್ತಲೂ ಅಂಗಡಿಯವನ ಹೆಸರು, ನಡುವೆ ಅವನ ಕಸುಬಿನ ಗುರುತು: ಸಕ್ಕರೆ ಅಚ್ಚು, ತಕ್ಕಡಿ, ಮೇಣದಬತ್ತಿ, ಇಲ್ಲವೇ ಅವನ ಸಂಘದ ಲಾಂಛನ. ಇನ್ನೊಂದು ಬದಿಯಲ್ಲಿ ಊರು ಅಥವಾ ಬೀದಿ. ಅದರ ನಡುವೆ ಸಾಮಾನ್ಯವಾಗಿ ಮೂರು ಅಕ್ಷರ. ಜಾನ್ ಸ್ಮಿತ್, ಹೆಂಡತಿ ಮೇರಿ ಅಂದುಕೊಳ್ಳಿ. ಮೇಲೆ ಸ್ಮಿತ್‌ನ ‘ಎಸ್’, ಕೆಳಗೆ ಎಡಕ್ಕೆ ಜಾನ್‌ಗೆ ‘ಐ’ (ಆಗ ‘ಜೆ’ ಬದಲು ‘ಐ’ ಹಾಕುತ್ತಿದ್ದರು), ಬಲಕ್ಕೆ ಮೇರಿಯ ‘ಎಂ’. ವ್ಯಾಪಾರ ಗಂಡ ಹೆಂಡತಿ ಇಬ್ಬರದ್ದೂ ಎಂದು ಕಾಸೇ ಹೇಳುತ್ತಿತ್ತು. ವಿಧವೆಯರು ತಮ್ಮ ಹೆಸರಲ್ಲೇ ಬಿಟ್ಟ ಟೋಕನ್‌ಗಳೂ ಇವೆ. ರಾಣಿಯರ ಮುಖ ಇರುವ ನಾಣ್ಯ ಬೇಕಾದಷ್ಟಿವೆ. ಮೇಣದಬತ್ತಿ ಮಾರುವವನ ಹೆಂಡತಿಯ ಅಕ್ಷರ ಇರುವ ಕಾಸು ಇನ್ನೆಲ್ಲಿ ಸಿಗಬೇಕು?

ಕಾಫಿ ಮನೆಗಳ ಟೋಕನ್‌ಗಳ ಗತ್ತೇ ಬೇರೆ. ಲಂಡನ್ನಿನ ಎಕ್ಸ್‌ಚೇಂಜ್ ಆಲಿ ಎಂಬ ಓಣಿಯ ಒಂದು ಟೋಕನ್ ಮೇಲೆ ಟರ್ಕಿಯ ಸುಲ್ತಾನ ಮುರಾದನ ತಲೆ ಇದೆ. ‘ಹೋದಲ್ಲೆಲ್ಲ ಗೆದ್ದವನು ನಾನು’ ಎಂಬರ್ಥದ ಪ್ರಾಸದ ಸಾಲು ಬೇರೆ. ಜೊತೆಗೆ ಕಾಫಿ, ತಂಬಾಕು, ಶರಬತ್ತು, ಟೀ, ಚಾಕೊಲೇಟ್ ಸಿಗುತ್ತದೆ ಎಂಬ ಜಾಹೀರಾತು. ಬಾಬಾ ಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರು ಎಂಬ ಕಥೆಯನ್ನೂ ಇದೇ ಶತಮಾನಕ್ಕೆ ಸೇರಿಸುತ್ತಾರೆ.

ಈ ಕಾಸು ನಡೆಯುತ್ತಿದ್ದುದು ಬರೀ ನಂಬಿಕೆಯ ಮೇಲೆ. ಚಿಲ್ಲರೆ ಬದಲು ಚಾಕೊಲೇಟ್ ಕೊಡುವ ಅಂಗಡಿಯವರು ನಮಗೆ ಗೊತ್ತಲ್ವಾ? ಅವರು ಆ ಚಾಕೊಲೇಟನ್ನು ವಾಪಸ್ ತಗೊಳ್ಳುವುದಿಲ್ಲ. ಟೋಕನ್ ಬಿಟ್ಟವನು ತಗೊಳ್ಳಲೇಬೇಕಿತ್ತು, ಇಲ್ಲದಿದ್ದರೆ ಬೀದಿಯಲ್ಲಿ ಅವನ ಹೆಸರು ಕೆಡುತ್ತಿತ್ತು. ಅವನು ದಿವಾಳಿ ಎದ್ದರೆ ಮಾತ್ರ ಜನರ ಕೈಯಲ್ಲಿ ಉಳಿಯುವುದು ಬರೀ ಹಿತ್ತಾಳೆ. ನಾಲ್ಕು ಬೀದಿ ಆಚೆ ಅದು ನಡೆಯುತ್ತಲೂ ಇರಲಿಲ್ಲ. ಬ್ರಿಸ್ಟಲ್‌ನಂಥ ನಗರಗಳು ಆಡಳಿತದಿಂದಲೇ ಫಾರ್ದಿಂಗ್ ಬಿಟ್ಟವು. ಬ್ರಿಸ್ಟಲ್‌ನದ್ದು 1652ರದ್ದು.

1660ರಲ್ಲಿ ಅರಸೊತ್ತಿಗೆ ಮರಳಿ ಬಂತು. ಆದರೂ ಟೋಕನ್ ನಿಲ್ಲಲಿಲ್ಲ. 1666ರ ಬೆಂಕಿಯಲ್ಲಿ ಲಂಡನ್ನಿನ 13,200 ಮನೆ ಸುಟ್ಟುಹೋದವು. ಸುಟ್ಟ ಎಷ್ಟೋ ಅಂಗಡಿಗಳ ವಿಳಾಸ ಇಂದಿಗೂ ಉಳಿದಿರುವುದು ಟೋಕನ್ ಮೇಲೆ. ಕೊನೆಗೆ 1672ರ ಆಗಸ್ಟ್‌ನಲ್ಲಿ ಎರಡನೇ ಚಾರ್ಲ್ಸ್ ತನ್ನದೇ ತಾಮ್ರದ ಹಾಫ್‌ಪೆನ್ನಿ, ಫಾರ್ದಿಂಗ್ ಹೊರಡಿಸಿ, ಖಾಸಗಿ ಟೋಕನ್ ನಿಷೇಧಿಸಿದ. ಕಾಸಿನ ಹಿಂದೆ ಬ್ರಿಟನ್ನಿನ ಸಂಕೇತವಾದ ಹೆಣ್ಣು, ಬ್ರಿಟಾನಿಯಾ, ಕೂತಳು. ಅಂಗಡಿಯವರ ಅಕ್ಷರ ಹೋಯಿತು.

ಆಮೇಲೆ ತುಂಬಾ ಕಾಲ ಇವನ್ನು ಯಾರೂ ಗಂಭೀರವಾಗಿ ನೋಡಲಿಲ್ಲ. 1697ರಲ್ಲೇ ಡೈರಿ ಬರೆದು ಹೆಸರಾದ ಜಾನ್ ಈವ್ಲಿನ್ ಇವನ್ನು ಅರಾಜಕತೆಯ ಕಾಲದ ಹೆಂಡದಂಗಡಿ ಬಿಲ್ಲೆಗಳು ಎಂಬಂತೆ ಬರೆದಿದ್ದ. 19ನೇ ಶತಮಾನದಲ್ಲಿ ದೃಷ್ಟಿ ಬದಲಾಯಿತು. ಹೆನ್ರಿ ಬ್ಯೂಫಾಯ್ ಲಂಡನ್ ಟೋಕನ್‌ಗಳ ತನ್ನ ಸಂಗ್ರಹವನ್ನು ನಗರಕ್ಕೆ ದಾನ ಕೊಟ್ಟ. 1858ರಲ್ಲಿ ವಿಲಿಯಂ ಬಾಯ್ನ್ ದೇಶದ ಟೋಕನ್‌ಗಳನ್ನೆಲ್ಲ ಕೌಂಟಿವಾರು (ಅಲ್ಲಿನ ಜಿಲ್ಲೆವಾರು) ಪಟ್ಟಿ ಮಾಡಿದ. 1889ರಿಂದ 1891ರ ನಡುವೆ ಜಾರ್ಜ್ ವಿಲಿಯಮ್ಸನ್ ಅದನ್ನು ಹಿಗ್ಗಿಸಿದ. ಇವತ್ತೂ ಸಂಗ್ರಾಹಕರು ಒಂದು ಟೋಕನ್ನನ್ನು ಹೇಳುವುದು ‘ಬಿ.ಡಬ್ಲ್ಯೂ.’ ನಂಬರಿನಿಂದಲೇ. ಅದು ಇವರಿಬ್ಬರ ಹೆಸರಿನ ಮೊದಲಕ್ಷರ. ಅಮೆರಿಕದ ನಾರ್ವೆಬ್ ದಂಪತಿಯ ದೊಡ್ಡ ಸಂಗ್ರಹವನ್ನು ದಾಖಲಿಸುವ ಕೆಲಸ 1984ರಲ್ಲಿ ಶುರುವಾಗಿ, ಎಂಟು ಸಂಪುಟಗಳಾಗಿ, 2011ಕ್ಕೆ ಮುಗಿಯಿತು.

ಸಂಗ್ರಾಹಕರಲ್ಲಿ ಎರಡು ಬಗೆ. ಅಂದದ, ಸವೆಯದ ತುಂಡು ಬೇಕು ಅನ್ನುವವರು ಒಂದು ಕಡೆ. ಹೃದಯಾಕಾರದ, ಎಂಟು ಮೂಲೆಯ ಟೋಕನ್‌ಗೆ ಇವರು ದುಡ್ಡು ಸುರಿಯುತ್ತಾರೆ. ಒಂದೇ ಊರನ್ನೋ ಕಸುಬನ್ನೋ ಹಿಡಿದು, ಚರ್ಚಿನ ಮದುವೆ ದಾಖಲೆ, ಉಯಿಲು, ಒಲೆ ತೆರಿಗೆಯ (ಮನೆಯ ಒಲೆ ಎಣಿಸಿ ಹಾಕುತ್ತಿದ್ದ ತೆರಿಗೆ) ಪಟ್ಟಿ ಕೆದಕುವವರು ಇನ್ನೊಂದು ಕಡೆ. ನನಗೆ ಎರಡನೆಯವರೇ ಇಷ್ಟ. ಸವೆದ ಟೋಕನ್ ಹತ್ತಿಪ್ಪತ್ತು ಪೌಂಡ್‌ಗೂ ಸಿಗುತ್ತದೆ, ಆದರೆ ಅದರ ಮೇಲಿನ ‘ಎಂ’ ಯಾರು ಎಂದು ಕಂಡುಕೊಳ್ಳಲು ವಾರಗಟ್ಟಲೆ ಕೂರಬೇಕು.

1970ರ ದಶಕದಿಂದ ಮೆಟಲ್ ಡಿಟೆಕ್ಟರ್ ಹಿಡಿದವರು ಹೊಲಗಳಲ್ಲಿ ಟೋಕನ್ ಎತ್ತತೊಡಗಿದರು. ಥೇಮ್ಸ್ ದಂಡೆಯ ಕೆಸರಲ್ಲೂ ಸಿಗುತ್ತವೆ, ಅಲ್ಲಿ ಹುಡುಕಲು ಪರವಾನಗಿ ಬೇಕು. ಒಂಟಿ ತಾಮ್ರದ ಟೋಕನ್ ಕಾನೂನಿನ ಲೆಕ್ಕದಲ್ಲಿ ‘ನಿಧಿ’ ಅಲ್ಲ. ಆದರೂ ಸಿಕ್ಕ ಜಾಗವನ್ನು ಬರೆಸಿ ಎಂದು 1997ರಿಂದ ಒಂದು ಸರ್ಕಾರಿ ಯೋಜನೆ ಕೇಳುತ್ತಿದೆ. ಜಾಗ ಗೊತ್ತಿಲ್ಲದ ಚೆಂದದ ಟೋಕನ್‌ಗಿಂತ ಜಾಗ ಗೊತ್ತಿರುವ ಸವೆದ ಟೋಕನ್ ಮೇಲು ಅನ್ನುವುದು ಇದಕ್ಕೇ. ಸಟನ್ ಎಂಬ ಹೆಸರಿನ ಊರು ಇಂಗ್ಲೆಂಡಿನಲ್ಲಿ ಹತ್ತಾರಿವೆ. ಅಂಗಡಿಯವನು ಬರೀ ‘ಸಟನ್’ ಎಂದು ಅಚ್ಚು ಹಾಕಿಸಿ ಸುಮ್ನಾಗಿದ್ದಾನೆ, ಅವನ ಗಿರಾಕಿಗಳಿಗೆ ಅಷ್ಟು ಸಾಕಿತ್ತು. ನಾರ್ವೆಬ್ ಮಾಲೆಯ ಕೊನೆಯ ಸಂಪುಟದಲ್ಲಿ ಊರು ಖಚಿತವಾಗದ ಟೋಕನ್‌ಗಳಿಗೇ ಒಂದು ಭಾಗ ಇದೆ. ಅಂಥವು ಒಂದೇ ಸೀಮೆಯ ಹೊಲಗಳಲ್ಲಿ ಮತ್ತೆ ಮತ್ತೆ ಸಿಕ್ಕರೆ, ಆ ಪಟ್ಟಿಯಿಂದ ಒಂದು ಹೆಸರು ಕಡಿಮೆಯಾಗುತ್ತದೆ.