ಹಬ್ಬದ ಲೆಕ್ಕ, ವಾರದ ಲೆಕ್ಕ

ಮನೆ ಭೇಟಿಯ ಕೆಲಸಕ್ಕೆ ಹೊಸದಾಗಿ ಬಂದವರೇ, ಶಾಲೆಗೆ ಹೋಗುವ ಹುಡುಗಿ ಬಸಿರಾಗಿದ್ದಾಳೆಂದು ಗೊತ್ತಾದ ಮನೆಗೆ ಇಲಾಖೆಯ ಜೀಪಿನಲ್ಲಿ ಹೋಗಬೇಡಿ. ಸಾಗರ, ಹೊಸನಗರದ ಕಡೆ ತೋಟಕ್ಕೊಂದು ಮನೆ ಇದ್ದರೂ ನೀವು ದಣಪೆ ದಾಟುವುದರೊಳಗೆ ಸುದ್ದಿ ಊರು ಸುತ್ತಿರುತ್ತದೆ.

ಅಜ್ಜಿ, ದೊಡ್ಡಪ್ಪ ಕೂತ ಜಗಲಿಯಲ್ಲಿ ಹುಡುಗಿ ಬಾಯಿ ಬಿಡುವುದಿಲ್ಲ. "ಅಕ್ಕಾ, ಇವಳ ಹತ್ರ ಹಿತ್ತಿಲಲ್ಲಿ ಹತ್ತು ನಿಮಿಷ ಮಾತಾಡ್ತೀನಿ" ಎಂದು ತಾಯಿಯನ್ನು ಕೇಳಿಯೇ ಎಬ್ಬಿಸಿಕೊಂಡು ಹೋಗಿ. ಅಲ್ಲಿ "ಯಾರಿಗೂ ಹೇಳಲ್ಲ" ಎಂದು ಮಾತು ಕೊಡುವುದು ಹೊಸಬರು ಮಾಡುವ ದೊಡ್ಡ ತಪ್ಪು. 18 ತುಂಬದವಳಾದರೆ, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಅವಳು ಹುಡುಗನ ಹೆಸರು ಹೇಳುವ ಮುಂಚೆಯೇ ಇದನ್ನು ಹೇಳಿಬಿಡಿ. ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಬರುವ ಪೊಲೀಸರು ಸಮವಸ್ತ್ರದಲ್ಲಿ ಇರಬಾರದು ಎಂಬುದನ್ನೂ ಸೇರಿಸಿ. ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಪೋಷಕರು ಕೇಳಿಕೊಂಡರೆ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಗುರುತು ಬರೆಯಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ.

ಮುಂದಿನದು ದಿನದ ಲೆಕ್ಕ. ಕೊನೆಯ ಮುಟ್ಟಿನ ತಾರೀಕು ಕೇಳಿದರೆ ಉತ್ತರ ಸಿಗುವುದು ಕಡಿಮೆ. "ಭೂಮಿ ಹುಣ್ಣಿಮೆಗೆ ಒಳಗಿದ್ಯಾ, ಹೊರಗಿದ್ಯಾ?" ಎಂದು ಕೇಳಿ ನೋಡಿ. ಪೈರು ಹೊತ್ತ ಗದ್ದೆಯನ್ನು ಬಸುರಿ ಎಂದು ಪೂಜಿಸುವ ಆಶ್ವೀಜದ ಹಬ್ಬ ಅದು. ಮುಟ್ಟಾದವರು ಪೂಜೆಗೆ ಬರಬಾರದೆನ್ನುವ ಮನೆಗಳಲ್ಲಿ ಅದು ಮರೆಯುವುದಿಲ್ಲ. (ಆ ಕಟ್ಟಳೆ ಸರಿಯೋ ತಪ್ಪೋ ಎಂಬ ಜಗಳಕ್ಕೆ ಇದು ಹೊತ್ತಲ್ಲ.) ಭೂಮಿ ಹುಣ್ಣಿಮೆಗೆ ಹೊರಗಾಗಿದ್ದವಳು, ಆಮೇಲೆ ಆಗಿಲ್ಲ ಎಂದರೆ ಶಿವರಾತ್ರಿಗೆ ಸುಮಾರು 132 ದಿನ, ಅಂದರೆ 19 ವಾರ ಹತ್ತಿರ. ಮನೆಯವರು ಮುಟ್ಟು ತಪ್ಪಿದ ತಿಂಗಳಿಂದ ಎಣಿಸಿ "ಇನ್ನೂ ಮೂರೂವರೆ ತಿಂಗಳು" ಎನ್ನುತ್ತಿರುತ್ತಾರೆ. ವೈದ್ಯರು ಎಣಿಸುವುದು ಕೊನೆಯ ಮುಟ್ಟಿನಿಂದ, ಈ ಒಂದು ತಿಂಗಳೇ ಮುಳುವಾಗುವುದು. ಗರ್ಭಪಾತಕ್ಕೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅಪ್ರಾಪ್ತೆಗೆ 24 ವಾರದವರೆಗೂ ಅವಕಾಶವಿದೆ, ಇಬ್ಬರು ವೈದ್ಯರು ಒಪ್ಪಬೇಕು. ಅದನ್ನೂ ದಾಟಿದರೆ ಸಾಮಾನ್ಯವಾಗಿ ಹೈಕೋರ್ಟಿಗೇ ಹೋಗಬೇಕಾಗುತ್ತದೆ. ಪೋಷಕರ ಸಹಿ ಕಡ್ಡಾಯ, ಆದರೆ ಹುಡುಗಿಯ ಮನಸ್ಸು ಏನೆಂದು ಬೇರೆಯಾಗಿಯೇ ಕೇಳಿ. ಹಬ್ಬದ ಲೆಕ್ಕ ಅಂದಾಜು ಮಾತ್ರ, ಸ್ಕ್ಯಾನಿಂಗ್ ತಡ ಮಾಡಬೇಡಿ. ಅಷ್ಟರಲ್ಲಿ ಯಾರೋ ನಾಟಿ ಔಷಧಿಯನ್ನೋ ಅಂಗಡಿ ಮಾತ್ರೆಯನ್ನೋ ತಂದಿಟ್ಟಿರುತ್ತಾರೆ. ಈ ಹಂತದಲ್ಲಿ ಅದನ್ನು ನುಂಗಿದರೆ ರಕ್ತಸ್ರಾವ ನಿಲ್ಲದೆ ಜೀವಕ್ಕೇ ಬರಬಹುದು.

"ಧರ್ಮಸ್ಥಳದಲ್ಲೋ ಎಲ್ಲೋ ತಾಳಿ ಕಟ್ಟಿಸಿ ಮುಗಿಸೋಣ" ಎಂದು ದೊಡ್ಡಪ್ಪ ಅಂದೇ ಅನ್ನುತ್ತಾರೆ. ಕರ್ನಾಟಕದ 2016ರ ತಿದ್ದುಪಡಿಯಂತೆ ಬಾಲ್ಯವಿವಾಹ ಮೊದಲಿಂದಲೇ ಅಸಿಂಧು. ಪೋಕ್ಸೊ ಕೇಸು ಹಾಗೇ ಉಳಿದು, ಮದುವೆ ಮಾಡಿಸಿದವರ ಮೇಲೆ ಇನ್ನೊಂದು ಬೀಳುತ್ತದೆ. ಇದನ್ನು ಹುಡುಗಿಯ ಎದುರು ಅಲ್ಲ, ಅವರೊಬ್ಬರಿಗೇ ಅಂಗಳದಲ್ಲಿ ಹೇಳಿ. ಅವರ ಮುಖ ಉಳಿಯಬೇಕು.

ಬಸಿರು ಮುಂದುವರಿದರೆ ಅಜ್ಜಿಯನ್ನು ಒಲಿಸಿಕೊಳ್ಳಿ. ಗದ್ದೆಗೆ ಬಯಕೆ ಊಟ ಒಯ್ಯುವ ಅಜ್ಜಿಗೆ ಬಸುರಿಯನ್ನು ನೋಡಿಕೊಳ್ಳುವುದು ಹೇಳಿಕೊಡಬೇಕಿಲ್ಲ, ಕೋಪ ಇಳಿಯಬೇಕು ಅಷ್ಟೆ. ಮಾತ್ರೆಯ ಜವಾಬ್ದಾರಿ ಅವರ ಕೈಗೇ ಕೊಡಿ: ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕಬ್ಬಿಣಾಂಶದ ಮಾತ್ರೆ, 180 ದಿನ, ಊಟವಾಗಿ ಒಂದು ಗಂಟೆ ಬಿಟ್ಟು, ನಿಂಬೆ ಪಾನಕದ ಜೊತೆ. ಚಹಾ ಕಾಫಿ ಜೊತೆ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ ಮಾತ್ರೆ ಸಾಲದು, ಆಸ್ಪತ್ರೆಗೇ ಕರೆದೊಯ್ಯಬೇಕು. ಮಲ ಕಪ್ಪಗಾಗುತ್ತದೆ ಎಂದು ಮೊದಲೇ ಹೇಳಿರಿ. ಇಲ್ಲದಿದ್ದರೆ ನಾಲ್ಕನೇ ದಿನಕ್ಕೆ ಮಾತ್ರೆಯೆಲ್ಲ ಗೊಬ್ಬರಗುಂಡಿ ಸೇರಿರುತ್ತದೆ.